ಝಕಾತ್ ಬೇರೆ, ಸದಕಾ ಬೇರೆ

ಮಾನ್ಯ ಸಂಪಾದಕರೇ,

ರಂಜಾನ್ ಬಂತೆಂದರೆ ಪತ್ರಿಕೆಗಳಲ್ಲಿ ಝಕಾತ್ ಬಗ್ಗೆ ಬರಹಗಳು ಬರುತ್ತವೆ. ಸಂತೋಷ. ಆದರೆ ಎಷ್ಟೋ ಬರಹಗಳು ‘ಝಕಾತ್ ಎಂದರೆ ದಾನ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ದಾನ ಅನ್ನುವುದು ಹೊಂದುವುದು ಸದಕಾಕ್ಕೆ.

ಸದಕಾ ಮನಸ್ಸಿಗೆ ಬಿಟ್ಟದ್ದು. ಎಷ್ಟಾದರೂ ಕೊಡಬಹುದು, ಯಾವ ಧರ್ಮದವರಿಗಾದರೂ ಕೊಡಬಹುದು. ದುಡ್ಡೇ ಆಗಬೇಕೆಂದಿಲ್ಲ. ದಾರಿಯ ಮುಳ್ಳು ತೆಗೆದು ಹಾಕುವುದೂ ಸದಕಾ ಎಂದು ಪ್ರವಾದಿಯವರು ಹೇಳಿದ್ದಾರೆ.

ಝಕಾತ್ ಹಾಗಲ್ಲ, ಇಸ್ಲಾಮಿನ ಐದು ಕಂಬಗಳಲ್ಲಿ ಒಂದು. ಅದಕ್ಕೆ ಕೂತು ಲೆಕ್ಕ ಹಾಕಬೇಕು. ಇಸ್ಲಾಮಿನ ಕಟ್ಟಳೆಗಳನ್ನು ವಿವರಿಸುವ ಪದ್ಧತಿಗಳು ಹಲವು. ನಮ್ಮ ಹನಫಿ ಪದ್ಧತಿಯಲ್ಲಿ ಸಾಲ ಕಳೆದು ಉಳಿದದ್ದು ‘ನಿಸಾಬ್’ ಎಂಬ ಮಿತಿ ದಾಟಿ, ಚಾಂದ್ರಮಾನದ ಒಂದು ವರ್ಷ ಆಗಿದ್ದರೆ ಶೇ 2.5 ಕೊಡಲೇಬೇಕು. ಮಿತಿ ಎಂದರೆ ಚಿನ್ನವಾದರೆ ಏಳೂವರೆ ತೊಲ, ಸುಮಾರು 87 ಗ್ರಾಂ. ಬೆಳ್ಳಿಯಾದರೆ ಸುಮಾರು 612 ಗ್ರಾಂ. 4 ಲಕ್ಷ ರೂಪಾಯಿ ಉಳಿದಿದ್ದರೆ 10 ಸಾವಿರ ಝಕಾತ್. ವಾಸದ ಮನೆ, ಓಡಾಡುವ ಸ್ಕೂಟರ್ ಲೆಕ್ಕಕ್ಕೆ ಬರುವುದಿಲ್ಲ. ಹೆಂಗಸರು ತೊಡುವ ಚಿನ್ನ, ಬೆಳ್ಳಿಯ ಒಡವೆಯನ್ನು ನಾವು ತೂಗಿ ಲೆಕ್ಕಕ್ಕೆ ಸೇರಿಸುತ್ತೇವೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಪಾಲಿಸುವ ಶಾಫಿ ಪದ್ಧತಿಯಲ್ಲಿ ವಾಡಿಕೆಯಷ್ಟು ತೊಡುವ ಒಡವೆಗೆ ವಿನಾಯಿತಿ ಇದೆ.

ಝಕಾತ್ ಯಾರಿಗೆ ಕೊಡಬೇಕು ಎಂಬುದೂ ನಿಗದಿಯಾಗಿದೆ. ಕುರ್‌ಆನ್‌ನ 9ನೇ ಅಧ್ಯಾಯದ 60ನೇ ವಚನದಲ್ಲಿ ಎಂಟು ಬಗೆಯವರ ಪಟ್ಟಿ ಇದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಕೈ ಖಾಲಿಯಾದ ಪ್ರಯಾಣಿಕರು ಅದರಲ್ಲಿ ಸೇರುತ್ತಾರೆ. (ಆ ವಚನದಲ್ಲಿ ಇರುವ ಪದ ‘ಸದಕಾತ್’. ಗೊಂದಲಕ್ಕೆ ಇದೂ ಒಂದು ಕಾರಣ ಇರಬಹುದು. ಆದರೆ ಅಲ್ಲಿ ಹೇಳಿರುವುದು ಕಡ್ಡಾಯದ ಝಕಾತ್ ಬಗ್ಗೆಯೇ ಎಂದು ವಿದ್ವಾಂಸರು ಹೇಳುತ್ತಾರೆ.) ಹೆತ್ತವರಿಗೆ, ಮಕ್ಕಳಿಗೆ ಝಕಾತ್ ಸಲ್ಲದು. ಅವರನ್ನು ನೋಡಿಕೊಳ್ಳುವುದು ಹೇಗೂ ನಮ್ಮ ಕರ್ತವ್ಯ, ಅಲ್ವಾ? ಅಪ್ಪನ ಆಸ್ಪತ್ರೆ ಬಿಲ್ ಕಟ್ಟಿ ಅದನ್ನು ಝಕಾತ್ ಎಂದು ಬರೆದುಕೊಳ್ಳುವ ಹಾಗಿಲ್ಲ. ಬಡತನದಲ್ಲಿರುವ ತಂಗಿಗೆ ಕೊಡಬಹುದು. ಮಸೀದಿ ಕಟ್ಟಲು ಝಕಾತ್ ಹಣ ಬಳಸಬಾರದು ಎಂಬುದು ಹೆಚ್ಚಿನ ವಿದ್ವಾಂಸರ ಮಾತು, ಅದಕ್ಕೆ ಸದಕಾ ಇದೆ.

ನನಗೆ ಮುಖ್ಯ ಅನಿಸುವುದು ಇನ್ನೊಂದು. ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೂ ಇಲ್ಲದವರಿಗೂ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಝಕಾತ್ ಪಡೆಯುವ ವಿಧವೆ ಯಾರ ಉಪಕಾರವನ್ನೂ ಪಡೆಯುತ್ತಿಲ್ಲ. ತನ್ನ ಪಾಲನ್ನು ಪಡೆಯುತ್ತಿದ್ದಾಳೆ. ‘ದಾನ’ ಎಂದು ಬರೆದ ಕೂಡಲೇ ಆಕೆ ಕೈಯೊಡ್ಡಿ ನಿಂತವಳಾಗುತ್ತಾಳೆ. ಸೀರೆ ಹಂಚುವ ಫೋಟೊ ಹಾಕಿದರಂತೂ ಇನ್ನೂ ಜಾಸ್ತಿ ನೋವು.

ಮುಂದಿನ ರಂಜಾನ್‌ನಲ್ಲಿ ದಯವಿಟ್ಟು ಎರಡೂ ಪದಗಳನ್ನು ಹಾಗೆಯೇ ಬಳಸಿ, ಅರ್ಥವನ್ನು ಬೇರೆ ಬೇರೆಯಾಗಿ ಕೊಡಿ. ಪಡೆಯುವವರ ಮುಖ ಕಾಣುವ ಫೋಟೊ ಹಾಕಬೇಡಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ