ಬ್ರಿಟನ್‌ಗೆ ಬರುವವರು ಮೊದಲು ಮೀಟರ್ ನೋಡಲಿ

ಮಾನ್ಯ ಸಂಪಾದಕರೇ,

ಓದಲು, ದುಡಿಯಲು ಬ್ರಿಟನ್‌ಗೆ ಬರುವ ನಮ್ಮವರ ಖರ್ಚುವೆಚ್ಚದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತಿರುತ್ತೇನೆ. ಫೀಸು, ಬಾಡಿಗೆ, ಬಸ್ ಪಾಸು ಎಲ್ಲದರ ಲೆಕ್ಕ ಇರುತ್ತದೆ. ಕರೆಂಟ್ ಬಿಲ್ಲಿನ ಮಾತು ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನು ದಾವಣಗೆರೆಯವಳು, ಗ್ಲಾಸ್ಗೋದಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿಗೆ ಬಂದ ಮೊದಲ ಚಳಿಗಾಲ ಮನೆಯ ಮೀಟರಿನಿಂದಾಗಿ ತುಂಬಾ ಒದ್ದಾಡಿದೆ. ಬೇರೆಯವರಿಗೆ ಹಾಗಾಗಬಾರದು ಎಂದು ಬರೆಯುತ್ತಿದ್ದೇನೆ.

ನಮ್ಮೂರಿನಲ್ಲಿ ಬೆಸ್ಕಾಂ ಒಂದೇ. ಇಲ್ಲಿ ತಂತಿ ಒಂದು ಕಂಪನಿಯದು, ಕರೆಂಟ್ ಮಾರುವವರು ಬೇರೆ. 1990ರ ದಶಕದ ಕೊನೆಯಿಂದ ಜನರು ತಮಗೆ ಬೇಕಾದ ಕಂಪನಿಯನ್ನು ಆರಿಸಿಕೊಳ್ಳಬಹುದು. ಬಾಡಿಗೆಯವರೂ ಅಷ್ಟೇ, ಬಿಲ್ ಅವರ ಹೆಸರಿನಲ್ಲಿದ್ದರೆ ಸಾಕು. ಸಾಮಾನ್ಯ ಮೀಟರ್ ಆಗಿದ್ದರೆ ಐದು ಕೆಲಸದ ದಿನಗಳಲ್ಲಿ ಕಂಪನಿ ಬದಲಾಗಿಬಿಡುತ್ತದೆ.

ನಮ್ಮ ಮನೆಯ ಮೀಟರ್ ಸಾಮಾನ್ಯದ್ದಾಗಿರಲಿಲ್ಲ. ಹಳೆಯ ಫ್ಲ್ಯಾಟ್, ಗ್ಯಾಸ್ ಇಲ್ಲ. ಗೋಡೆಗೆ ಹೊಂದಿಕೊಂಡ ದೊಡ್ಡ ಹೀಟರ್‌ಗಳು. ಅವುಗಳ ಹೊಟ್ಟೆಯಲ್ಲಿ ಇಟ್ಟಿಗೆಗಳಿರುತ್ತವೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ಇಟ್ಟಿಗೆ ಕಾಯುತ್ತದೆ, ಹಗಲಿಡೀ ಬಿಸಿ ಬಿಡುತ್ತದೆ. ಹೀಟರಿನ ಯೂನಿಟ್‌ಗೆ ಒಂದು ರೇಟು, ದೀಪ, ಒಲೆ, ಫ್ರಿಜ್ಜಿಗೆ ಇನ್ನೊಂದು, ಮೀಟರಿನಲ್ಲೂ ಎರಡಕ್ಕೆ ಬೇರೆ ಬೇರೆ ರೀಡಿಂಗ್. ಹೀಟರ್‌ಗೆ ಕರೆಂಟ್ ಯಾವ ಹೊತ್ತಿಗೆ ಬರಬೇಕು ಎಂದು ಹೇಳುತ್ತಿದ್ದುದು ರೇಡಿಯೊ! ಬಿಬಿಸಿ ರೇಡಿಯೊ 4ರ ಲಾಂಗ್ ವೇವ್ ಪ್ರಸಾರದ ಜೊತೆಗೇ ಒಂದು ಸಿಗ್ನಲ್ ಹೋಗುತ್ತಿತ್ತು. ಮೀಟರ್ ಪಕ್ಕದ ಕಪ್ಪು ಪೆಟ್ಟಿಗೆ ಅದನ್ನು ಹಿಡಿದು ಸ್ವಿಚ್ ಹಾಕುತ್ತಿತ್ತು, ಆರಿಸುತ್ತಿತ್ತು. 1980ರ ದಶಕದ ವ್ಯವಸ್ಥೆ ಅದು.

ಕಂಪನಿ ಬದಲಿಸೋಣ ಎಂದು ಹೊರಟೆ. ಬೆಲೆ ಹೋಲಿಸುವ ವೆಬ್‌ಸೈಟ್ ನನ್ನ ಮೀಟರನ್ನು ಗುರುತಿಸಲೇ ಇಲ್ಲ. ಒಂದು ಕಂಪನಿಗೆ ಫೋನ್ ಮಾಡಿದೆ. ‘ಮೊದಲು ಮೀಟರ್ ತೆಗೆಸಿ, ಆಮೇಲೆ ಬನ್ನಿ’ ಎಂದರು. ಮೀಟರ್ ತೆಗೆಸಿದರೆ ಮನೆಯ ವೈರಿಂಗ್ ಬದಲಿಸಬೇಕು, ಅದಕ್ಕೆ ಮಾಲೀಕರು ಒಪ್ಪಬೇಕು. ಅಲ್ಲಿಗೆ ಮಾತು ನಿಂತುಹೋಯಿತು. ತಿಂಗಳುಗಟ್ಟಲೆ ನಾನೂ ಸುಮ್ನೆ ಕೂತೆ.

ಆಮೇಲೆ, ಉಚಿತ ಸಲಹೆ ಕೊಡುವ ಕೇಂದ್ರವೊಂದರಲ್ಲಿ ಒಬ್ಬ ಹೆಂಗಸು ವಿಷಯ ತಿಳಿಸಿದರು. ಇಂಥ ಮೀಟರ್ ಇರುವವರು ಎಲ್ಲಿಗೂ ಹೋಗಲಾಗದೆ ಸಿಕ್ಕಿಕೊಂಡಿದ್ದಾರೆ ಎಂದು ಕಂಪನಿಗಳ ಪೈಪೋಟಿ ಸರಿಯಾಗಿದೆಯೇ ಎಂದು ನೋಡುವ ಇಲ್ಲಿನ ಸ್ಪರ್ಧಾ ಪ್ರಾಧಿಕಾರವೇ 2016ರಲ್ಲಿ ಒಂದು ಆದೇಶ ಹೊರಡಿಸಿದೆ. 50 ಸಾವಿರಕ್ಕಿಂತ ಹೆಚ್ಚು ಮನೆಗಳಿಗೆ ಕರೆಂಟ್ ಮಾರುವ ಕಂಪನಿಗಳು ಮೀಟರ್ ಬದಲಿಸಿ ಎನ್ನದೆ ಇವರಿಗೂ ಒಂದೇ ರೇಟಿನ ಯೋಜನೆ ಕೊಡಬೇಕು. ಎರಡು ರೀಡಿಂಗ್ ಕೂಡಿಸಿ ಬಿಲ್ ಮಾಡಿದರಾಯಿತು. ಹಕ್ಕು ಇತ್ತು, ನನಗೆ ಗೊತ್ತಿರಲಿಲ್ಲ. ಫೋನ್ ಎತ್ತಿದವರಿಗೂ ಗೊತ್ತಿರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಹಕ್ಕು ಇದೆ ಎಂದ ಮಾತ್ರಕ್ಕೆ ಒಂದೇ ರೇಟಿಗೆ ಓಡಬೇಕಾಗಿಲ್ಲ. ಇಲ್ಲಿ ಜನ ಎಡವುವುದು ಜಾಸ್ತಿ. ಉದಾಹರಣೆಗೆ, ಹೀಟರ್ ಯೂನಿಟ್‌ಗೆ 15 ಪೆನ್ಸ್, ಉಳಿದದ್ದಕ್ಕೆ 30, ಒಂದೇ ರೇಟು ಅಂದರೆ 25 ಎಂದುಕೊಳ್ಳಿ. ತಿಂಗಳಿಗೆ 300 ಯೂನಿಟ್ ಉರಿದರೆ ಒಂದೇ ರೇಟಿನಲ್ಲಿ 75 ಪೌಂಡ್. ಎರಡು ರೇಟಿನಲ್ಲಿ, ಹೀಟರಿಗೇ 180 ಯೂನಿಟ್ ಹೋಗಿದ್ದರೆ 63 ಪೌಂಡ್. ಹೀಟರಿಗೆ ಬರೀ 60 ಹೋಗಿದ್ದರೆ 81. ಅಂದರೆ ಈ ರೇಟುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೀಟರಿಗೆ ಹೋಗುತ್ತಿದ್ದರೆ ಎರಡು ರೇಟೇ ಲಾಭ. ನನ್ನ ಲೆಕ್ಕವೂ ಹಾಗೇ ಬಂತು. ಹಾಗಾಗಿ ಎರಡು ರೇಟು ಕೊಡುವ ಬೇರೆ ಕಂಪನಿ ಹುಡುಕಿ ಹೋದೆ.

ಅಲ್ಲಿ ಇನ್ನೊಂದು ಪಾಡು. ಜುಲೈಯಲ್ಲಿ ಹೀಟರ್‌ಗಳ ಸ್ವಿಚ್ಚೆಲ್ಲ ಆರಿಸಿದ್ದೆ. ಆದರೂ ಬಿಲ್ಲಿನಲ್ಲಿ ಹೀಟರಿನ ಯೂನಿಟ್ ಏರುತ್ತಲೇ ಇತ್ತು. ಹೊಸ ಕಂಪನಿ ಎರಡು ರೀಡಿಂಗ್‌ಗಳನ್ನು ಅದಲುಬದಲು ಬರೆದುಕೊಂಡಿತ್ತು. ಚಳಿಗಾಲವಿಡೀ ಹೀಟರಿನ ಯೂನಿಟ್‌ಗೆ ದುಬಾರಿ ರೇಟು ಕಟ್ಟಿದ್ದೆ! ಮೀಟರಿನ ಫೋಟೊ ತೆಗೆದೆ, ಕೆಟಲ್‌ನಲ್ಲಿ ಎರಡು ಮೂರು ಸಲ ನೀರು ಕಾಯಿಸಿದೆ, ಮತ್ತೆ ಫೋಟೊ ತೆಗೆದೆ. ಯಾವ ಸಂಖ್ಯೆ ಓಡಿತೋ ಅದು ಹೀಟರಿನದಲ್ಲ, ಅಲ್ವಾ? ಆ ಎರಡು ಫೋಟೊ ಕಳಿಸಿ ಲಿಖಿತ ದೂರು ಕೊಟ್ಟೆ. ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಇಲ್ಲಿ ಗ್ರಾಹಕರ ದೂರು ಬಗೆಹರಿಸುವ ಇಂಧನ ಒಂಬುಡ್ಸ್‌ಮನ್ ಬಳಿ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಅಲ್ಲಿಗೆ ಹೋಗುತ್ತೇನೆ ಎಂದು ಬರೆದ ಮೇಲೆ ಹಣ ವಾಪಸ್ ಬಂತು.

ಆ ರೇಡಿಯೊ ಸಿಗ್ನಲ್ಲನ್ನು 2025ರ ಜೂನ್ 30ರಿಂದ ಒಂದೊಂದೇ ಪ್ರದೇಶದಲ್ಲಿ ನಿಲ್ಲಿಸಲು ಶುರು ಮಾಡಿದರು. ನಮ್ಮ ಮನೆಗೂ ಸ್ಮಾರ್ಟ್ ಮೀಟರ್ ಬಂತು. ಹಳೆಯ ಪೆಟ್ಟಿಗೆ ಇರುವ ಮನೆಗೆ ಯಾರಾದರೂ ಹೋದರೆ ತಡಮಾಡದೆ ಕಂಪನಿಗೆ ತಿಳಿಸಬೇಕು. ಸಿಗ್ನಲ್ ಹೋದರೆ ಹೀಟರ್ ಹೊತ್ತಿಕೊಳ್ಳದೇ ಇರಬಹುದು, ಅಥವಾ ಆರದೇ ಇರಬಹುದು. ಮೀಟರ್ ಬದಲಿಸುವಾಗ ಹೀಟರ್ ಕಾಯುವ ಹೊತ್ತು ಹಾಗೇ ಉಳಿಯುತ್ತದೆಯೇ ಎಂದೂ ಕೇಳಿ.

ಎಕಾನಮಿ 7 ಎನ್ನುವ ಮೀಟರುಗಳು ಇನ್ನೂ ಬೇಕಾದಷ್ಟಿವೆ. ಅದರಲ್ಲಿ ರಾತ್ರಿ ಏಳು ಗಂಟೆ ಕಾಲ ಇಡೀ ಮನೆಯ ಕರೆಂಟ್ ಅಗ್ಗ. ಬೇಸಿಗೆಯಲ್ಲಿ ಈ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ, ಹಲವು ಮೀಟರುಗಳು ಮಾತ್ರ ಹಳೆಯ ಹೊತ್ತಿನಲ್ಲೇ ಇರುತ್ತವೆ. ಬಟ್ಟೆ ಒಗೆಯುವ ಮೆಷಿನ್ ಹಾಕುವ ಮೊದಲು ಇದು ನೆನಪಿರಲಿ. ನನ್ನ ಹಾಗೆ ರಾತ್ರಿ ಪಾಳಿ ಮಾಡಿ ಹಗಲು ಅಡುಗೆ ಮಾಡುವವರಿಗೆ, ಇಟ್ಟಿಗೆ ಹೀಟರ್ ಇಲ್ಲದಿದ್ದರೆ, ಈ ಮೀಟರಿನಿಂದ ನಷ್ಟವೇ ಹೆಚ್ಚು.

ಮಕ್ಕಳನ್ನು ಕಳಿಸುವ ತಂದೆ ತಾಯಿಗಳಲ್ಲಿ ಒಂದು ಮಾತು. ಮನೆಗೆ ಕಾಲಿಟ್ಟ ದಿನವೇ ಮೀಟರಿನ ಫೋಟೊ ತೆಗೆಯಲು ಹೇಳಿ, ಎರಡೂ ರೀಡಿಂಗ್ ಕಾಣುವ ಹಾಗೆ. ಬಿಲ್ಲಿನಲ್ಲಿ ‘ಎಸ್’ ಅಕ್ಷರದ ಪಕ್ಕ 21 ಅಂಕಿಗಳಿರುತ್ತವೆ, ನಮ್ಮ ಆರ್‌ಆರ್ ನಂಬರ್ ಇದ್ದ ಹಾಗೆ. ಅದನ್ನೂ ಬರೆದಿಟ್ಟುಕೊಳ್ಳಲಿ. ಕೆಲವು ಮನೆಗಳಿಗೆ ಇಂಥ ನಂಬರ್ ಎರಡಿರುತ್ತವೆ, ಬದಲಿಸುವಾಗ ಎರಡನ್ನೂ ಹೇಳಬೇಕು.

ಇಲ್ಲಿನ ಕನ್ನಡ ಸಂಘಗಳಲ್ಲಿಯೂ ನನ್ನ ಕೋರಿಕೆ ಇದೆ. ದೀಪಾವಳಿಗೆ ಎಲ್ಲರೂ ಸೇರುವ ಹೊತ್ತಿಗೆ ಚಳಿಗಾಲ ಬಾಗಿಲಲ್ಲಿರುತ್ತದೆ. ಊಟಕ್ಕೆ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ, ಹೊಸಬರು ತಮ್ಮ ಬಿಲ್ ತರಲಿ. ಗ್ಲಾಸ್ಗೋದಲ್ಲಿ ಯಾರಾದರೂ ಏರ್ಪಾಡು ಮಾಡಿದರೆ ಬಿಲ್ ಓದಿ ಹೇಳಲು ನಾನು ಬರುತ್ತೇನೆ.

ಇಂತಿ,
ನಿಮ್ಮ ಓದುಗಾರ್ತಿ
ಗ್ಲಾಸ್ಗೋ, ಸ್ಕಾಟ್ಲೆಂಡ್