ರೇಸಿಗೆ ಮೊದಲ ಸೈಕಲ್ ಯಾವುದಿರಬೇಕು?

ಮಾನ್ಯ ಸಂಪಾದಕರೇ,

ಗೋವಾದಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ) ಸ್ಪರ್ಧೆಯ ಆಕರ್ಷಣೆಯಿಂದ, ಪುಣೆಯ ನಮ್ಮ ಕನ್ನಡಿಗರ ಮನೆಗಳಲ್ಲೂ ಹುಡುಗರು ಮೊದಲ ರೇಸ್ ಸೈಕಲ್ಲನ್ನೇ ದುಬಾರಿ ಟ್ರಯಥ್ಲಾನ್ ಬೈಕ್ ಆಗಿ ಕೊಳ್ಳಲು ಹೊರಟಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಆ ಬೈಕಿನ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಸಾಮಾನ್ಯ ರೇಸ್ ಸೈಕಲ್ಲಾದ ರೋಡ್ ಬೈಕಿನಲ್ಲಿ ಸುಮಾರು 73 ಡಿಗ್ರಿ ಇರುವ ಸೀಟಿನ ಕೊಳವೆ ಇದರಲ್ಲಿ 76ರಿಂದ 78 ಡಿಗ್ರಿಯಷ್ಟು ನೆಟ್ಟಗಿರುವುದರಿಂದ, ಸವಾರನು ಮೊಣಕೈ ಊರಿ, ಮುಂದಕ್ಕೆ ಬಾಗಿ, ಗಾಳಿಯ ತಡೆಯನ್ನು ಬಹಳ ಮಟ್ಟಿಗೆ ತಗ್ಗಿಸಬಲ್ಲನು. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿಮರೆ ಪಡೆಯುವುದು ನಿಷಿದ್ಧವಾಗಿರುವ, ಐರನ್‌ಮ್ಯಾನ್ 70.3ರ 90 ಕಿಲೋಮೀಟರಿನ ಸೈಕಲ್ ಹಾದಿಯಲ್ಲಿ ಅದು ದೊಡ್ಡ ಲಾಭವೇ ಸರಿ. ಆದರೆ ಹಾಗೆ ಬಾಗಿದಾಗ ಕೈಗಳು ಬ್ರೇಕಿನಿಂದ ದೂರ ಉಳಿಯುತ್ತವೆ. ಕಳೆದ ಮಳೆಗಾಲದ ಕೊನೆಯಲ್ಲಿ, ಕಾತ್ರಜ್ ಘಾಟಿಯ ಇಳಿಜಾರಿನಲ್ಲಿ, ನನ್ನ ತಂಗಿಯ ಮಗ ನೀರು ತುಂಬಿದ ಗುಂಡಿಯನ್ನು ಕಂಡು ಕೈಯನ್ನು ಬ್ರೇಕಿಗೆ ತರುವಷ್ಟರಲ್ಲಿ ಮುಂದಿನ ಚಕ್ರ ಅದರೊಳಗೆ ಇಳಿದಾಗಿತ್ತು. ಆರು ವಾರ ಅವನ ತೋಳು ಜೋಳಿಗೆಯಲ್ಲಿತ್ತು.

ಅವನಿಗೆ ಬೈಕ್ ಮಾರಿದ ಅಂಗಡಿಯವರು ಇನ್ನೊಂದು ಸಂಗತಿಯನ್ನೂ ಹೇಳಿರಲಿಲ್ಲ. ಎಲ್ಲರೂ ಗುಂಪಾಗಿ ಹೊರಡುವ ರೋಡ್ ರೇಸುಗಳಲ್ಲಿಯೂ ಒಲಿಂಪಿಕ್ಸ್‌ನ ಟ್ರಯಥ್ಲಾನಿನಲ್ಲಿಯೂ ಇಂಥ ಬೈಕಿಗೆ ಅವಕಾಶವಿಲ್ಲ. ರೋಡ್ ಬೈಕನ್ನಾದರೋ ಐರನ್‌ಮ್ಯಾನ್‌ನಲ್ಲೂ ಓಡಿಸಬಹುದು. ಕೆಲವೇ ಸಾವಿರ ರೂಪಾಯಿಗೆ ಸಿಗುವ ಏರೋ ಬಾರನ್ನು (ಮೊಣಕೈ ಊರಿ ಬಾಗಲು ಹ್ಯಾಂಡಲ್ಲಿಗೆ ಕೂರಿಸುವ ಸರಳುಗಳನ್ನು) ಜೋಡಿಸಿ, ಸೀಟನ್ನು ತುಸು ಮುಂದಕ್ಕೆ ಸರಿಸಿಕೊಂಡರೆ ಹೊಸಬರಿಗೆ ಎರಡು ಮೂರು ಋತುಗಳ ಮಟ್ಟಿಗೆ ಅದು ಧಾರಾಳವಾಗಿ ಸಾಕು. ಮಾರಾಟಗಾರರು ಹಣ ಪಡೆಯುವ ಮೊದಲೇ ಗ್ರಾಹಕನಿಗೆ ಈ ನಿಯಮಗಳನ್ನು ತಿಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಓದುಗನೊಬ್ಬ, ಕೋಥರೂಡ್, ಪುಣೆ