‘ಸರ್ವರ್ ಡೌನ್’ ಅಂತ ಎಷ್ಟ್ ದಿನ ಹೇಳೋದ್ರೀ

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ಇಲ್ಲೇ ನವನಗರದಾಗ ಗೆಳೆಯನ ಆನ್‌ಲೈನ್ ಸೆಂಟರ್‌ನ್ಯಾಗ ಕುಂತಿದ್ದೆ, ಬೀಳಗಿ ಕಡೆಯಿಂದ ಒಬ್ಬ ಅಜ್ಜಾರು ಮೊಮ್ಮಗಳ ಅರ್ಜಿ ಹಾಕ್ಸಾಕ ಬಂದಿದ್ರು, ಅವತ್ತ ಕಡೀ ದಿನ. ಮೂರು ಪೇಜ್ ತುಂಬಿ, ಫೋಟೋ, ಸಹಿ ಎಲ್ಲಾ ಅಪ್‌ಲೋಡ್ ಮಾಡಿ ಸಬ್ಮಿಟ್ ಒತ್ತಿದ್ರ ಬಿಳೀ ಪರದೆ ಮ್ಯಾಲೆ 502 ಬ್ಯಾಡ್ ಗೇಟ್‌ವೇ. ಐದ್ ನಿಮಿಷಕ್ಕ ಸೈಟ್ ಬಂತು, ಆದ್ರ ಮತ್ತ ಲಾಗಿನ್ ಕೇಳ್ತು, ತುಂಬಿದ್ದೆಲ್ಲಾ ಮಾಯ. ಗೆಳೆಯ ರೂಢಿ ಪ್ರಕಾರ ‘ಸರ್ವರ್ ಡೌನ್ ಐತ್ರೀ ಅಜ್ಜಾರ, ಚಾ ಕುಡ್ದು ಬರ್ರಿ’ ಅಂದ.

ನಾ ವೆಬ್‌ಸೈಟ್ ಕೆಲಸಾನ ಮಾಡೋಂವ. ಸೈಟ್ ವಾಪಸ್ ಬಂದಾಗ ಬಟನ್ ಬಣ್ಣಾನ ಬ್ಯಾರೆ ಇತ್ತು! ಅಂದ್ರ ಮಟಮಟ ಮಧ್ಯಾಹ್ನ ಯಾರೋ ಹೊಸ ವರ್ಶನ್ ಹಾಕ್ಯಾರ. ಹಳೇ ಕಂಟೇನರ್ (ಸೈಟಿನ ಪ್ರೋಗ್ರಾಮ್ ಓಡೂ ಡಬ್ಬಿ ಅನ್ರಿ) ನಿಲ್ಸಿ ಹೊಸಾದು ಚಾಲೂ ಆಗೂತನಕ ಮುಂದಿನ ಎಂಜಿನ್‌ಎಕ್ಸ್ (ಬಂದ ಮಂದೀನ ಒಳಗಿನ ಕಂಟೇನರ್‌ಗೆ ಕಳಿಸೂ ಪ್ರೋಗ್ರಾಮ್) ಬಾಗಿಲಾ ತಕ್ಕೊಂಡ ನಿಂತಿರ್ತೈತಿ, ಒಳಗ ಉತ್ತರಾ ಕೊಡಾಕ ಯಾರೂ ಇರಂಗಿಲ್ಲ, ಅದಕ್ಕ ಆ 502.

ನಮ್ಮೂರಾಗ ಇದನ್ನ ತಿಳ್ಸೋದು ಸುಲಭ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಮುಳುಗ್ತೈತಿ ಅಂತ ಬಾಜೂಕ ನವನಗರ ಕಟ್ಟಿ ಮಂದೀನ ಕಳಿಸಿದ್ರಲ್ರೀ (ಅದರಾಗಿನ ತ್ರಾಸ, ಪರಿಹಾರದ ಜಗಳ ಬ್ಯಾರೆ ಕತಿ), ಹಂಗ ಹಳೇ ಕಂಟೇನರ್ ನಡದಿರೂವಾಗನ ಹೊಸಾದನ್ನ ಎಬ್ಬಿಸಿ, ‘ಆರಾಮ ಅದೀಯೇನ’ ಅಂತ ಕೇಳೂ ಹೆಲ್ತ್ ಚೆಕ್‌ಗೆ ಅದು ಸರಿಯಾಗಿ ಉತ್ತರಾ ಕೊಟ್ಟಮ್ಯಾಲೆ ಎಂಜಿನ್‌ಎಕ್ಸ್ ರೀಲೋಡ್ ಮಾಡಿ ಟ್ರಾಫಿಕ್ ಆ ಕಡೆ ತಿರುಗಿಸಿದ್ರಾತು. ಬ್ಲೂ-ಗ್ರೀನ್ ಅಂತಾರ ಇದಕ್ಕ. ಏನರ ಕೆಟ್ರ ಹಳೇದು ಇನ್ನೂ ಜೀವಂತ ಐತಿ, ವಾಪಸ್ ತಿರುಗಿಸ್ರಿ. ಈ ಕಂಟೇನರ್ ಓಡ್ಸೂ ಡಾಕರ್ ಬಂದಿದ್ದ 2013ರಾಗ, ಇದೇನ ಹೊಸ ವಿದ್ಯೆ ಅಲ್ಲ, ರೊಕ್ಕಾನೂ ಬೇಕಾಗಿಲ್ಲ, ರಾಶಿ ಕಂಟೇನರ್ ಸಂಭಾಳ್ಸೂ ಕುಬರ್ನೆಟೀಸ್ ಅಂತ ದೊಡ್ಡ ಜಾತ್ರಿನೂ ಬ್ಯಾಡ, ಒಂದ ಸರ್ವರ್ ಮ್ಯಾಲೆ ಎರಡ ಕಂಟೇನರ್ ಓಡೂವಷ್ಟು ರ‍್ಯಾಮ್ ಇದ್ರ ಸಾಕು.

ಮಂದಿ ಎಡವೋದು ಸಣ್ಣ ಜಾಗಾದಾಗ. ಡಾಕರ್ ಸ್ಟಾಪ್ ಅಂದ್ರ ಮೊದ್ಲ ‘ಮುಗಿಸಪಾ’ ಅಂತ ಸಿಗ್ನಲ್ ಕಳಿಸಿ ಸಾಮಾನ್ಯವಾಗಿ 10 ಸೆಕೆಂಡ್ ಕಾಯ್ತೈತಿ, ಆಮ್ಯಾಲೆ ಕುತ್ತಿಗಿ ಹಿಸುಕ್ತೈತಿ. ನಮ್ಮ ಹಳ್ಳಿ ನೆಟ್‌ನ್ಯಾಗ ಒಂದ ಫೋಟೋ ಹೋಗಾಕ ಅದಕ್ಕಿಂತ ಹೆಚ್ಚ ಬೇಕು, ಹಂಗಾಗಿ ಆ ಟೈಮ್ ಏರಿಸಿ ಇಡ್ಬೇಕು, ಕೈಯಾಗಿನ ಕೆಲಸ ಮುಗಿಸೇ ನಿಲ್ಲೂ ಹಂಗ ಕೋಡ್ ಬರೀಬೇಕು. ಲಾಗಿನ್ ಸೆಶನ್ (ಯಾರ ಒಳಗ ಬಂದಾರ ಅನ್ನೂ ಗುರುತು) ಕಂಟೇನರ್ ಮೆಮರಿಯಾಗ ಇಟ್ರ ಅದರ ಸಂಗಾಟನ ಹೋಗ್ತೈತಿ, ಅಜ್ಜಾರಿಗೆ ಆಗಿದ್ದೂ ಹಂಗ ಅಂತ ನನ್ನ ಅಂದಾಜು, ಅದನ್ನ ಹೊರಗ ರೆಡಿಸ್ ಅನ್ನೂ ಬ್ಯಾರೆ ಡೇಟಾ ಸ್ಟೋರ್‌ನ್ಯಾಗ ಇಡ್ರಿ. ಡೇಟಾಬೇಸ್‌ನ್ಯಾಗ ಹಳೇ ಕಾಲಮ್ ಅದ ದಿನಾನ ಕಿತ್ತ ಒಗೀಬ್ಯಾಡ್ರಿ, ಸ್ವಲ್ಪ ಹೊತ್ತು ಎರಡೂ ವರ್ಶನ್ ಒಟ್ಟಿಗೆ ನಡೀತಿರ್ತಾವು, ಹಳೇದಕ್ಕ ಆ ಕಾಲಮ್ ಇನ್ನೂ ಬೇಕಾಗಿರ್ತೈತಿ.

ಸೈಟ್ ಮಾಡ್ಸೋ ಕಚೇರಿಯವ್ರಿಗೆ ಒಂದ ವಿನಂತಿ. ಬಿಲ್ ಪಾಸ್ ಮಾಡೂ ಮೊದ್ಲ ಕಾಂಟ್ರ್ಯಾಕ್ಟರ್‌ನ ಎದುರಿಗೆ ಕುಂದ್ರಿಸಿ ಒಂದ ಅಪ್ಡೇಟ್ ಹಾಕ್ಸಿ ನೋಡ್ರಿ, ಆ ಕಡೆ ಒಬ್ರು ಫೋನ್ ಹಿಡ್ಕೊಂಡ ಅರ್ಜಿ ತುಂಬ್ಕೋಂತ ಕುಂದರ್ಲಿ.

ಅಜ್ಜಾರ ಅರ್ಜಿ ಸಂಜಿ ಆರೂವರಿಗೆ ಹೋತು. ಅವ್ರ ಊರ ಬಸ್ ಆರಕ್ಕ ಹೋಗಿತ್ತು.

— ನಿಮ್ಮ ಓದುಗ, ನವನಗರ, ಬಾಗಲಕೋಟೆ